ಇಲಿಮನೆಯ ಅಕ್ಕ ಕೇಳಿದ ಕಾಗದ

ಅಕ್ಕನ ಎರಡೂ ಮುಂಗೈಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ದಾರದಷ್ಟು ಸಪುರದ ಬಿಳಿ ಗೀರುಗಳಿದ್ದವು. ಇಲಿಗಳು ಉಗುರಿನಿಂದ ಎಳೆದ ಗೀರುಗಳು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಾತ್ರ ಎರಡು ಆಳವಾದ ಚುಕ್ಕೆಗಳು, ಹಲ್ಲು ಇಳಿದ ಜಾಗ. ಅದೆಂತ ಅಂತ ಯಾರಾದರೂ ಕೇಳಿದರೆ, "ಅದು ನನ್ನದೇ ತಪ್ಪು, ಬಂಗುಡೆ ಮೀನು ತಿಂದು ಬಂದಿದ್ದೆ" ಎನ್ನುತ್ತಿದ್ದರು.

ಅಕ್ಕ ಬೆಂಗ್ರೆಯವರು. ಮೂರು ತಲೆಮಾರಿನಿಂದ ಕಡಲಿಗೆ ಹೋಗುತ್ತಿದ್ದ ಮನೆ. ದಿನಾ ಬೆಳಿಗ್ಗೆ ಫೆರಿಯಲ್ಲಿ ಹೊಳೆ ದಾಟಿ ಬಂದರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ದೇರೆಬೈಲಿನ ಆಚೆಗಿದ್ದ ನಮ್ಮ ಫಾರ್ಮಸಿ ಕಾಲೇಜಿಗೆ ಬರುತ್ತಿದ್ದರು. ಬರುವುದು ಮೀನು ಮಾರುಕಟ್ಟೆಯ ಪಕ್ಕದಿಂದಲೇ, ಆದರೆ ಕೆಲಸದ ದಿನ ಮನೆಗೆ ಮರಳುವ ತನಕ ಮೀನು ಮುಟ್ಟುವವರಲ್ಲ. ಬುತ್ತಿಯಲ್ಲಿ ಕುಚ್ಚಲಕ್ಕಿ ಗಂಜಿ, ಒಂದು ಮಿಡಿ ಉಪ್ಪಿನಕಾಯಿ, ಅಷ್ಟೇ. ಫೆರಿಯ ಹೆಂಗಸರು ಇವರನ್ನು "ಭಟ್ರ ಮನೆಯವಳು" ಅಂತ ತಮಾಷೆ ಮಾಡುತ್ತಿದ್ದರಂತೆ. "ಮೀನಿನ ವಾಸನೆ ಇರುವ ಕೈ ಇಲಿಗೆ ತಿಂಡಿಯ ಹಾಗೆ ಕಾಣ್ತದೆ ಮಾರಾಯ್ತಿ. ಅದು ಕಚ್ಚಿದ್ರೆ ಅದರದ್ದು ಎಂತ ತಪ್ಪು?" ಎಂದು ನನ್ನಲ್ಲಿ ಕೇಳಿದ್ದರು. ಇಲಿಯ ಪರವಾಗಿ ಇಷ್ಟು ನ್ಯಾಯವಾಗಿ ಮಾತಾಡಿದವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕಾಲೇಜಿನ ಹಿಂಬದಿಯಲ್ಲಿದ್ದ ಕಟ್ಟಡದ ಬೋರ್ಡಿನಲ್ಲಿ ಅನಿಮಲ್ ಹೌಸ್ ಎಂದು ಬರೆದಿತ್ತು. ಅಟೆಂಡರುಗಳ ಬಾಯಲ್ಲಿ ಅದು ಇಲಿಮನೆ, ಅದನ್ನು ನೋಡಿಕೊಳ್ಳುವವರು ಇಲಿಮನೆಯ ಅಕ್ಕ. ಕಿಟಕಿ ಇಲ್ಲದ ಕೋಣೆ, ಹಗಲು ರಾತ್ರಿಯನ್ನು ಗಡಿಯಾರ ನೋಡಿ ಲೈಟಿನಲ್ಲಿ ಮಾಡುವುದು, ಸಾಲಾಗಿ ಇಟ್ಟ ಪೆಟ್ಟಿಗೆಗಳಲ್ಲಿ ಹೊಟ್ಟಿನ ಮೇಲೆ ಬಿಳಿ ಇಲಿಗಳು. ಹೊರಗಿನವರಿಗೆ ಗೊತ್ತಿರುವುದಿಲ್ಲ, ಪ್ರಯೋಗಕ್ಕೆ ಇಲಿ ಸಾಕಬೇಕಾದರೆ ಸರ್ಕಾರದ ನೋಂದಣಿ ಬೇಕು. ಸಾಕಿದ ಇಲಿಯನ್ನು ಮುಟ್ಟಬೇಕಾದರೆ ಮತ್ತೊಂದು ಅನುಮತಿ ಬೇಕು. ಎಷ್ಟು ಇಲಿ, ಗಂಡೋ ಹೆಣ್ಣೋ, ಏನು ಮದ್ದು, ಎಷ್ಟು ದಿನ, ನೋವಾಗದ ಹಾಗೆ ಏನು ಮಾಡುತ್ತೀರಿ, ಕೊನೆಗೆ ಅದನ್ನು ಏನು ಮಾಡುತ್ತೀರಿ, ಎಲ್ಲ ಬರೆದು ಕಾಲೇಜಿನ ಎಥಿಕ್ಸ್ ಕಮಿಟಿಯ ಮುಂದೆ ಇಡಬೇಕು. ಆ ಕಮಿಟಿಯಲ್ಲಿ ಸರ್ಕಾರ ನೇಮಿಸಿದ ಒಬ್ಬರು ಇರುತ್ತಾರೆ. ಉಳಿದವರೆಲ್ಲ ಬಂದು ಕೂತು ಚಹಾ ಕುಡಿದರೂ ಅವರಿಲ್ಲದೆ ಸಭೆ ಸಭೆಯಲ್ಲ.

ನನ್ನ ಅಪ್ಪನಿಗೆ ಇದು ದೊಡ್ಡ ತಮಾಷೆ. ಭೂಸುಧಾರಣೆಯಲ್ಲಿ ಜಮೀನು ಹೋದ ಮೇಲೆ ನಮ್ಮ ಮನೆಯವರು ಹಿಡಿದದ್ದು ಹೋಟೆಲು. ಅಲ್ಲಿ ಅಡುಗೆಮನೆಯ ಮೂಲೆಮೂಲೆಗೆ ಇಲಿಬೋನು. "ಹಿಡಿಯಲಿಕ್ಕೆ ನಮ್ಮಲ್ಲಿ ಒಂದು ತುಂಡು ತೆಂಗಿನಕಾಯಿ ಸಾಕು. ನಿಮಗೆ ಬೆಂಗಳೂರಿನಿಂದ ಜನ ಬರ್ಬೇಕು" ಎಂದು ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ, ಕೂತು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ನನಗೆ ಇಪ್ಪತ್ತಮೂರು, ಎಂ.ಫಾರ್ಮ್ ಎರಡನೇ ವರ್ಷ, ಬುದ್ಧಿ ಜಾಸ್ತಿ ಎಂಬ ಹೆಸರು ಬೇರೆ.

ಅಕ್ಕನಲ್ಲಿ ಇದನ್ನು ಹೇಳಿದಾಗ ಅವರು ನಗಲಿಲ್ಲ. ಒಂದು ಇಲಿಯನ್ನು ಅಂಗೈಯಲ್ಲಿ ಮಲಗಿಸಿ ಬೆನ್ನು ಸವರುತ್ತ, "ಹೋಟೆಲಿನ ಇಲಿ ತಿನ್ನಲಿಕ್ಕೆ ಅಂತ ಬಂದದ್ದು, ಸಿಕ್ಕಿಬಿದ್ದದ್ದು. ಇದು ಎಲ್ಲಿಗೂ ಬಂದದ್ದಲ್ಲ, ನಾವು ಹುಟ್ಟಿಸಿದ್ದು. ಇದರ ಜೀವ ಯಾಕೆ ಹೋಯ್ತು ಅಂತ ಒಬ್ಬನಾದ್ರೂ ಬರೆದಿಡ್ಬೇಕಲ್ಲ. ಕಾಗದ ಅಂದ್ರೆ ಅಷ್ಟೇ" ಎಂದರು. ಸರ್ಕಾರದ ನಿಯಮದ ಪುಸ್ತಕವನ್ನು ನಾನು ಆಮೇಲೆ ಎಷ್ಟೋ ಸಲ ಓದಿದ್ದೇನೆ. ಇದಕ್ಕಿಂತ ಸರಿಯಾಗಿ ಯಾವ ಪುಟದಲ್ಲೂ ಇಲ್ಲ.

ಕಾಗದ ಇಲ್ಲದೆ ಪೆಟ್ಟಿಗೆಯ ಮುಚ್ಚಳ ತೆಗೆಯಲಿಕ್ಕಿಲ್ಲ, ಅದು ಅವರ ಕಾನೂನು. ಪ್ರಿನ್ಸಿಪಾಲರು ಒಮ್ಮೆ ಯಾರೋ ಪರಿಚಯದ ಶಾಲೆಯವರಿಗೆ ವಸ್ತುಪ್ರದರ್ಶನಕ್ಕೆ ಎರಡು ಇಲಿ ಕೊಡಿ ಅಂತ ಚೀಟಿ ಕಳಿಸಿದರು. ಅಕ್ಕ ಚೀಟಿಯನ್ನು ಓದಿ, ಮಡಚಿ, ತಂದವರ ಕೈಗೇ ವಾಪಸು ಕೊಟ್ಟು, "ಪ್ರಿನ್ಸಿಪಾಲರಿಗೆ ನನ್ನ ನಮಸ್ಕಾರ ಹೇಳಿ. ಇಲಿ ಅವರದ್ದಲ್ಲ, ನನ್ನದೂ ಅಲ್ಲ" ಎಂದರಂತೆ. ಪ್ರಿನ್ಸಿಪಾಲರು ಒಂದು ವಾರ ಮುಖ ಊದಿಸಿಕೊಂಡಿದ್ದರು. ಅಕ್ಕ ಅವರಿಗೆ ದಿನಾ ಮೊದಲಿನ ಹಾಗೇ ನಮಸ್ಕಾರ ಮಾಡಿದರು.

ಅವರು ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು. ಕನ್ನಡ ಚೆನ್ನಾಗಿ ಓದುತ್ತಿದ್ದರು, ಅಂಕಿಗಳು ಗೊತ್ತು, ಇಂಗ್ಲಿಷ್ ಮಾತ್ರ ಬರುತ್ತಿರಲಿಲ್ಲ. ಅನುಮತಿ ಪತ್ರ ಬರುವುದು ಇಂಗ್ಲಿಷಿನಲ್ಲೇ. ಹಾಗಾಗಿ ಪತ್ರ ತಂದ ವಿದ್ಯಾರ್ಥಿಯ ಎದುರು ಅವರದ್ದೊಂದು ಕ್ರಮ ಇತ್ತು. ಮೊದಲು ಮೊಹರು ನೋಡುವುದು. ಆಮೇಲೆ ಸಹಿ. ಆಮೇಲೆ ಇಲಿಗಳ ಸಂಖ್ಯೆ. ಕೊನೆಗೆ, "ನಿನ್ನ ಹೆಸರು ಎಲ್ಲಿ ಉಂಟು?" ಎಂದು ಕೇಳುವುದು. ನಾವು ಬೆರಳಿಟ್ಟು ತೋರಿಸಬೇಕು. ಅವರು ಆ ಬೆರಳನ್ನೇ ನೋಡಿ ತಲೆ ಆಡಿಸಿ, ಪತ್ರದ ಮೇಲಿನ ಅನುಮತಿ ನಂಬರನ್ನು ರಿಜಿಸ್ಟರಿಗೆ ಇಳಿಸುತ್ತಿದ್ದರು. ಅದು ಬರೆಯುವುದಲ್ಲ, ಚಿತ್ರ ಬಿಡಿಸುವುದು. ಆಕಾರ ಗೊತ್ತು, ಉಚ್ಚಾರ ಗೊತ್ತಿಲ್ಲ. ಆದರೆ ಒಂದು ಗೆರೆ ಆಚೀಚೆ ಆಗುತ್ತಿರಲಿಲ್ಲ.

ಇನ್ನು ನನ್ನ ಕಥೆ. ಸುಳ್ಳು ಹೇಳುವುದಿಲ್ಲ, ಇಷ್ಟು ಹೊತ್ತು ಅಕ್ಕನ ಸುತ್ತ ಸುತ್ತಿದ್ದು ಇದನ್ನು ಮುಂದಕ್ಕೆ ಹಾಕಲಿಕ್ಕೇ.

ನನ್ನ ಪ್ರಬಂಧಕ್ಕೆ ಮೂವತ್ತಾರು ಇಲಿಗಳು ಬೇಕಿದ್ದವು. ಸಕ್ಕರೆ ಕಾಯಿಲೆಗೆ ಒಂದು ಕಾಡುಬೀಜದ ರಸ ಕೊಟ್ಟು ನೋಡುವ ಕೆಲಸ. ಇಲಿಗಳ ತೂಕ ನೂರೆಂಬತ್ತರಿಂದ ಇನ್ನೂರಿಪ್ಪತ್ತು ಗ್ರಾಮಿನ ಒಳಗಿರಬೇಕು. ಅಕ್ಕ ನನಗಾಗಿ ಒಂದು ತಂಡವನ್ನು ಬೇರೆಯೇ ಬೆಳೆಸಿದ್ದರು. ಕಮಿಟಿಯ ಸಭೆ ಜುಲೈಯಲ್ಲಿ. ಆ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತು. ಸರ್ಕಾರದ ಪ್ರತಿನಿಧಿ ಬೆಂಗಳೂರಿನಿಂದ ಬರುವವರು, ಅರ್ಧ ದಾರಿಯಿಂದ ತಿರುಗಿ ಹೋದರು. ಸಭೆ ಮುಂದಕ್ಕೆ ಹೋಯಿತು, ಯಾವಾಗ ಅಂತ ಯಾರಿಗೂ ಗೊತ್ತಿಲ್ಲ.

ಪ್ರತಿ ಸೋಮವಾರ ಅಕ್ಕನೂ ನಾನೂ ಇಲಿಗಳನ್ನು ತೂಗುತ್ತಿದ್ದೆವು. ನೂರೆಂಬತ್ತೈದು. ಮುಂದಿನ ಸೋಮವಾರ ಇನ್ನೂರರ ಹತ್ತಿರ. "ಬೆಳೀತಾ ಉಂಟು ಮಗಾ" ಎನ್ನುತ್ತಿದ್ದರು ಅಕ್ಕ, ಪಾಪದವರ ಮುಖ ಮಾಡಿ. "ಸ್ವಲ್ಪ ಕಡಿಮೆ ತಿನ್ನಿ ಅಂತ ಹೇಳ್ಲಿಕ್ಕೆ ಆಗ್ತದಾ ಇವುಗಳಿಗೆ?" ಈ ತಂಡ ತೂಕ ಮೀರಿದರೆ ಮತ್ತೊಂದು ಬೆಳೆಯಲು ತಿಂಗಳುಗಳು ಬೇಕು. ಅಷ್ಟರಲ್ಲಿ ಪ್ರಬಂಧ ಸಲ್ಲಿಸುವ ದಿನ ಮುಗಿದು ನಾನು ಮುಂದಿನ ವರ್ಷದವರ ಜೊತೆ ಪರೀಕ್ಷೆಗೆ ಕೂರಬೇಕು. ಪಾಸಾದ ಕೂಡಲೇ ಇಲ್ಲೇ ಲೆಕ್ಚರರ್ ಹುದ್ದೆ ಎಂದು ನನ್ನ ಗೈಡ್ ಸರ್ ಹೇಳಿದ್ದರು. ಅದೂ ತಪ್ಪಿದರೆ ಅಪ್ಪ ಹೋಟೆಲಿನ ಗಲ್ಲೆಗೆ ಕೂರಿಸುವುದು ಖಂಡಿತ. ಬೆಳೆಯುತ್ತಿದ್ದದ್ದು ಇಲಿ, ಉಸಿರು ಕಟ್ಟುತ್ತಿದ್ದದ್ದು ನನಗೆ.

ಸರ್ ಹತ್ತಿರ ಹೋದೆ. "ಅಪ್ರೂವಲ್ ಸಿಕ್ಕೇ ಸಿಗ್ತದೆ. ಅದೊಂದು ಫಾರ್ಮಾಲಿಟಿ. ನೀನು ಶುರು ಮಾಡು" ಎಂದರು.

"ಅಕ್ಕ ಕೊಡುವುದಿಲ್ಲ ಸರ್."

"ಅದು ನೀನು ನೋಡಿಕೊಳ್ಬೇಕು" ಎಂದು ಸರ್ ಕಂಪ್ಯೂಟರಿನ ಕಡೆ ತಿರುಗಿದರು. "ನಾನು ಎಂತದೂ ಹೇಳ್ಲಿಲ್ಲ, ಗೊತ್ತಾಯ್ತಲ್ಲ?"

ಅತ್ತ ದರಿ, ಇತ್ತ ಪುಲಿ. ದಿನಾ ಬೆಳಿಗ್ಗೆ ಸರ್ "ಶುರು ಆಯ್ತಾ?" ಎಂದು ಕೇಳುತ್ತಿದ್ದರು. ಮಧ್ಯಾಹ್ನ ಅಕ್ಕ "ಕಾಗದ ಬಂತಾ?" ಎಂದು ಕೇಳುತ್ತಿದ್ದರು. ಇಬ್ಬರಿಗೂ ಒಂದೇ ಉತ್ತರ, ಇಲ್ಲ.

ಡಿಪಾರ್ಟ್‌ಮೆಂಟಿನ ಫೈಲಿನಲ್ಲಿ ನನ್ನ ಸೀನಿಯರ್ ಒಬ್ಬಳ ಪತ್ರ ಇತ್ತು. ಅದೇ ವರ್ಷದ ಆರಂಭದ್ದು. ಅದೇ ಕಾಲೇಜಿನ ಹೆಸರು, ಅದೇ ಮೊಹರು, ಅದೇ ಸಹಿ, ಮೂವತ್ತಾರು ಇಲಿಗಳು. ಅವಳು ಕೆಲಸ ಮುಗಿಸಿ ಹೋಗಿಯಾಗಿತ್ತು. ಅವಳ ಇಲಿಗಳ ಲೆಕ್ಕ ಇದ್ದ ರಿಜಿಸ್ಟರ್ ತುಂಬಿ ಆಫೀಸಿನ ಕಪಾಟು ಸೇರಿತ್ತು. ಒಂದು ಗುರುವಾರ ನಾನು ಆ ಪತ್ರವನ್ನು ತೆಗೆದುಕೊಂಡು ಇಲಿಮನೆಗೆ ಹೋದೆ.

ಅಕ್ಕ ಕೈ ತೊಳೆದು, ಒರೆಸಿ, ಪತ್ರ ಹಿಡಿದರು. ಮೊಹರು ನೋಡಿದರು. ಸಹಿ ನೋಡಿದರು. ಮೂವತ್ತಾರು ಎಂಬ ಅಂಕಿ ನೋಡಿ ಮುಖ ಅರಳಿತು. "ನಿನ್ನ ಹೆಸರು ಎಲ್ಲಿ ಉಂಟು ಮಗಾ?"

ನಾನು ಇನ್ನೊಬ್ಬಳ ಹೆಸರಿನ ಮೇಲೆ ಬೆರಳಿಟ್ಟೆ. "ಇಗೋ, ಇಲ್ಲಿ ಅಕ್ಕ" ಎಂದೆ.

ಅವರು ನನ್ನ ಬೆರಳನ್ನು ನೋಡಿದರು, ತಲೆ ಆಡಿಸಿದರು. ರಿಜಿಸ್ಟರ್ ತೆಗೆದು ನಂಬರನ್ನು ಒಂದೊಂದೇ ಗೆರೆಯಾಗಿ ಇಳಿಸಿ, ಪತ್ರವನ್ನು ನನ್ನ ಕೈಗೇ ವಾಪಸು ಕೊಟ್ಟರು. "ಕಾಗದ ಬಂದದ್ದು ಒಳ್ಳೆದಾಯ್ತು. ನನಗೆ ಮೊನ್ನೆಯಿಂದ ಸರಿ ನಿದ್ದೆ ಇರ್ಲಿಲ್ಲ, ನಿನ್ನ ವರ್ಷ ಹಾಳಾಗ್ತದೋ ಅಂತ" ಎಂದು ಮುಚ್ಚಳ ತೆಗೆದರು. ನನಗೆ ಆ ಕ್ಷಣವೇ ಹೇಳಿಬಿಡೋಣ ಅನಿಸಿತು. ಹೇಳಲಿಲ್ಲ. ಮೊದಲ ಇಲಿಯನ್ನು ಅವರೇ ಎತ್ತಿ ನನ್ನ ಕೈಗೆ ಕೊಟ್ಟರು.

ಹದಿನೇಳು ದಿನ ಮದ್ದು ಕೊಟ್ಟೆ. ಅಷ್ಟೂ ದಿನ ಅಕ್ಕ ಪಕ್ಕದಲ್ಲಿ ನಿಂತು ಇಲಿಗಳಿಗೆ ತುಳುವಿನಲ್ಲಿ ಸಮಾಧಾನ ಹೇಳುತ್ತಿದ್ದರು. ಹದಿನೆಂಟನೇ ದಿನ ಘಾಟಿ ತೆರೆದು ಸರ್ಕಾರದ ಪ್ರತಿನಿಧಿ ಬಂದರು. ಸಭೆಗೆ ಮೊದಲು ಇಲಿಮನೆ ನೋಡುತ್ತೇನೆ ಎಂದು ನೇರ ಅಲ್ಲಿಗೇ ಹೋದರು. ಸರ್ ಓಡಿದರು, ಅವರ ಹಿಂದೆ ನಾನು.

ಪ್ರತಿನಿಧಿ ಸಣ್ಣ ಆಳು, ಮೆತ್ತಗಿನ ಮಾತು. ರಿಜಿಸ್ಟರಿನ ಹಾಳೆ ತಿರುಗಿಸುತ್ತ ಒಂದು ಕಡೆ ನಿಂತರು. "ಏನಮ್ಮ ಇದು? ಈ ನಂಬರಿನ ಮೂವತ್ತಾರು ಇಲಿ ಫೆಬ್ರವರಿಯಲ್ಲೇ ಮುಗಿದಿವೆ. ಅದರ ರಿಪೋರ್ಟಿಗೆ ನಾನೇ ಸಹಿ ಹಾಕಿದೀನಿ. ಇದನ್ನ ಯಾರು ಬರೆದಿದ್ದು?"

"ನಾನೇ ಬರೆದದ್ದು" ಎಂದರು ಅಕ್ಕ.

ಸರ್ ಮುಂದೆ ಬಂದರು. "ಅವರಿಗೆ ಇಂಗ್ಲಿಷ್ ಬರುವುದಿಲ್ಲ ಸರ್. ಹಳೆ ನಂಬರ್ ಎಲ್ಲಿಯೋ ನೋಡಿ ಬರೆದಿರ್ಬೇಕು. ಅಪ್ರೂವಲ್ ಇಲ್ಲದೆ ಇಲಿ ಕೊಟ್ಟಿದ್ದಾರೆ, ದೊಡ್ಡ ತಪ್ಪು."

ಪ್ರತಿನಿಧಿ ನನ್ನ ಕಡೆ ತಿರುಗಿದರು. "ನೀವು ಏನು ತೋರಿಸಿ ತಗೊಂಡ್ರಿ?"

ಅಕ್ಕನೂ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಏನೋ ಹೇಳುತ್ತೇನೆ, ಹೇಳಿದ ಕೂಡಲೇ ಇದೆಲ್ಲ ಸರಿಯಾಗುತ್ತದೆ ಅಂತ ಕಾಯುವ ಮುಖ ಅದು. ಸರ್ ನನ್ನನ್ನು ನೋಡಲೇ ಇಲ್ಲ, ಗೋಡೆಯ ಥರ್ಮಾಮೀಟರ್ ನೋಡುತ್ತಿದ್ದರು.

"ಕೇಳಿದೆ ಸರ್, ಕೊಟ್ಟರು" ಎಂದೆ.

ಕೇಳಿದ್ದೂ ಹೌದು, ಕೊಟ್ಟದ್ದೂ ಹೌದು. ಬಿಡಿಬಿಡಿಯಾಗಿ ಎರಡೂ ನಿಜ. ಕೂಡಿಸಿದರೆ ನಾನು ಜೀವಮಾನದಲ್ಲಿ ಹೇಳಿದ ಅತಿ ದೊಡ್ಡ ಸುಳ್ಳು. ಅಕ್ಕ ತಲೆ ತಗ್ಗಿಸಿ ರಿಜಿಸ್ಟರನ್ನು ನೋಡಿದರು. ತಾನು ಬಿಡಿಸಿದ ಗೆರೆಗಳನ್ನು ಒಂದೊಂದಾಗಿ ನೋಡುತ್ತಿದ್ದರು, ಎಲ್ಲಿ ತಪ್ಪಿತು ಅಂತ ಹುಡುಕುವವರ ಹಾಗೆ. ಪ್ರತಿನಿಧಿ ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಟೆಂಡರರ ತಪ್ಪು ನಮೂದು' ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು.

ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಅನುಮತಿ ಇಲ್ಲದೆ ಮದ್ದು ಕೊಟ್ಟ ಇಲಿಗಳ ಫಲಿತಾಂಶ ಯಾವ ಪ್ರಬಂಧಕ್ಕೂ ಸಲ್ಲುವುದಿಲ್ಲ. ಮದ್ದು ಹೊಕ್ಕ ಇಲಿಗಳನ್ನು ವಾಪಸು ತಂಡಕ್ಕೆ ಸೇರಿಸುವ ಹಾಗೂ ಇಲ್ಲ. ಮೂವತ್ತಾರನ್ನೂ ನಿಯಮದ ಪ್ರಕಾರ, ನೋವಾಗದ ಹಾಗೆ, ಮುಗಿಸಿದರು. ಆ ಕೆಲಸಕ್ಕೂ ಅಕ್ಕನನ್ನೇ ಕರೆದರು, ಬೇರೆಯವರಿಗೆ ಇಲಿಗಳು ಹೆದರುತ್ತಿದ್ದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಬೆಕ್ಕು ನಾನೇ ಅಂತ ಅವತ್ತು ತಿಳಿಯಿತು. ಮರುದಿನದಿಂದ ಅಕ್ಕನ ಕೆಲಸ ಗಾಜಿನ ಸಾಮಾನು ತೊಳೆಯುವ ಕೋಣೆಯಲ್ಲಿ.

ನಾನು ಹೆದರಿದ್ದೆಲ್ಲ ಹೇಗೂ ಆಯಿತು. ಆರು ತಿಂಗಳು ಹಿಂದೆ ಬಿದ್ದೆ. ಹೊಸ ಅನುಮತಿ, ಹೊಸ ಇಲಿಗಳು, ಇಲಿಮನೆಗೆ ಹೊಸ ಅಟೆಂಡರ್. ಪ್ರಬಂಧ ಮುಗಿಯಿತು, ಸರ್ ಮಾತು ಉಳಿಸಿಕೊಂಡರು, ನಾನು ಅದೇ ಕಾಲೇಜಿನಲ್ಲಿ ಲೆಕ್ಚರರ್ ಆದೆ. ನನ್ನ ಕೋಣೆಗೆ ಹೋಗುವ ದಾರಿ ಇದ್ದದ್ದು ತೊಳೆಯುವ ಕೋಣೆಯ ಎದುರಿನಿಂದ, ಬೇರೆ ದಾರಿ ಇಲ್ಲ. ದಿನಾ ಅಕ್ಕ ತಲೆ ಎತ್ತಿ, "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಬೈದಿದ್ದರೆ, ಮಾತು ಬಿಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು. ಆ ಉಪಕಾರವನ್ನು ಅವರು ಮಾಡಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ವರ್ಷಗಟ್ಟಲೆ "ಆಯ್ತು ಅಕ್ಕ" ಎನ್ನುತ್ತ ದಾಟಿದೆ.

ಒಂದು ಮಧ್ಯಾಹ್ನ ಆ ಕೋಣೆಯಿಂದ ಮೀನು ಸಾರಿನ ಪರಿಮಳ ಬಂತು. ಇಣುಕಿದೆ. ಅಕ್ಕನ ಬುತ್ತಿಯಲ್ಲಿ ಬಂಗುಡೆ. ನಾನು ನೋಡಿದ್ದನ್ನು ನೋಡಿ, "ಈಗ ಎಂತ, ಇಲಿ ಇಲ್ಲವಲ್ಲ" ಎಂದರು. ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮುಖ ತೊಳೆದುಕೊಂಡು ಎರಡು ಗಂಟೆಯ ಕ್ಲಾಸಿಗೆ ಹೋದೆ.

ಅಕ್ಕ ನಿವೃತ್ತರಾದರು. ಸರ್ ಬೇರೆ ಊರಿಗೆ ಹೋದರು. ನಾನು ಸೀನಿಯರ್ ಆಗಿ, ಕೊನೆಗೆ ಅದೇ ಎಥಿಕ್ಸ್ ಕಮಿಟಿಯ ಕಾರ್ಯದರ್ಶಿಯಾದೆ. ಹಳೆಯ ರಿಜಿಸ್ಟರುಗಳೆಲ್ಲ ಈಗ ನನ್ನ ಕಪಾಟಿನಲ್ಲಿವೆ. ವಿದ್ಯಾರ್ಥಿಗಳು ನನಗೆ ಹೆದರುತ್ತಾರೆ, ಒಂದು ಇಲಿ ಹೆಚ್ಚು ಕೇಳಿದರೂ ಹತ್ತು ಪ್ರಶ್ನೆ ಹಾಕುತ್ತೇನೆ ಅಂತ. ಮ್ಯಾಮ್ ತುಂಬ ಸ್ಟ್ರಿಕ್ಟ್ ಅನ್ನುತ್ತಾರಂತೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುವುದು ಅವರಿಗೆ ಹೇಗೆ ಗೊತ್ತಾಗಬೇಕು?

ಕಳೆದ ವರ್ಷ ಅಕ್ಕನ ಎರಡೂ ಕಿಡ್ನಿ ಸೋತಿವೆ ಎಂದು ಕಾಲೇಜಿನ ಅಟೆಂಡರೊಬ್ಬರು ಹೇಳಿದರು. ಅವತ್ತೇ ಮಧ್ಯಾಹ್ನ ಬಂದರಿಗೆ ಹೋಗಿ ಫೆರಿ ಹತ್ತಿದೆ. ಹತ್ತು ನಿಮಿಷದ ಹೊಳೆ. ಅದನ್ನು ದಾಟಲು ನನಗೆ ಇಷ್ಟು ವರ್ಷ ಬೇಕಾಯಿತು.

ಜಗಲಿಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ಕೈಗಳು ಬಾತಿದ್ದವು, ಗೀರುಗಳು ಊತದಲ್ಲಿ ಮುಚ್ಚಿಹೋಗಿದ್ದವು. ದಿಂಬಿನ ಪಕ್ಕ ಒಂದು ಹಳೆಯ ಕಾಪಿಪುಸ್ತಕ. ಅವರ ಸೊಸೆ ಚಹಾ ತಂದಿಡುತ್ತ, "ಅದು ಅತ್ತೆಯದ್ದೇ. ಕಾಲೇಜಿನಲ್ಲಿ ಬಾಟ್ಲಿ ತೊಳೆಯುವ ಕೆಲಸಕ್ಕೆ ಹಾಕಿದ ವರ್ಷ ಮೊಮ್ಮಗಳ ಹತ್ರ ಕಲಿತದ್ದು, ಈಗಲೂ ಬರೀತಾರೆ" ಎಂದರು.

ನಾನು ಕಾಲೇಜಿನಿಂದ ನೇರ ಬಂದಿದ್ದೆ, ಕತ್ತಿನಲ್ಲಿ ಐಡಿ ಕಾರ್ಡು ಹಾಗೇ ನೇತಾಡುತ್ತಿತ್ತು. ಬಾಗಿ ಕೂತಾಗ ಅಕ್ಕ ಅದನ್ನು ಹಿಡಿದರು. ಹೆಸರಿನ ಕೆಳಗೆ ಬೆರಳಿಟ್ಟರು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ, ಮೆಲ್ಲಗೆ, ಗಟ್ಟಿಯಾಗಿ ಓದಿದರು. ಕೊನೆಗೆ ಎಲ್ಲ ಕೂಡಿಸಿ ನನ್ನ ಹೆಸರು ಹೇಳಿದರು.

"ಈಗ ಓದ್ಲಿಕ್ಕೆ ಬರ್ತದೆ ನನಗೆ."

"ಹೌದು ಅಕ್ಕ."

"ಆ ಕಾಗದದಲ್ಲಿ ಇದ್ದದ್ದು ಈ ಹೆಸರಲ್ಲ. ಅದರ ಮೊದಲ ಅಕ್ಷರವೇ ಬೇರೆ. ಆಕಾರ ನನಗೆ ನೆನಪಿತ್ತು. ಎಂತ ಅಕ್ಷರ ಅಂತ ಆಗ ಗೊತ್ತಿರ್ಲಿಲ್ಲ, ಅಷ್ಟೇ."

ನಾನು ಅವರ ಕಾಲು ಹಿಡಿದುಕೊಂಡೆ. "ನಾನೇ ಅಕ್ಕ, ನಾನೇ ಮಾಡಿದ್ದು" ಎಂದಷ್ಟೇ ಹೇಳಿದೆ.

"ಗೊತ್ತುಂಟು" ಎಂದರು. ಆಮೇಲೆ ಕೇಳಿದರು, "ಆ ಮೂವತ್ತಾರು ಯಾಕೆ ಸತ್ತವು ಅಂತ ಎಲ್ಲಿಯಾದ್ರೂ ಬರೆದು ಉಂಟಾ?"

"ಇಲ್ಲ ಅಕ್ಕ."

"ಬರಿ" ಎಂದರು. ಆಮೇಲೆ ಸೊಸೆಯನ್ನು ಕರೆದು, "ಇವಳಿಗೆ ಊಟ ಹಾಕು, ಫೆರಿಗೆ ಹೊತ್ತುಂಟು" ಎಂದರು. ಆ ದಿನ ಅವರ ಮನೆಯಲ್ಲಿ ಮೀನಿನ ಸಾರು ಮತ್ತು ಕುಚ್ಚಲಕ್ಕಿ ಅನ್ನ ಊಟ ಮಾಡಿದೆ. ಅದಾಗಿ ಒಂಬತ್ತನೇ ದಿನ ಅಕ್ಕ ತೀರಿಕೊಂಡರು.

ರಿಜಿಸ್ಟರಿನ ನಮೂದನ್ನು ಯಾರೂ ತಮ್ಮಷ್ಟಕ್ಕೆ ತಿದ್ದುವ ಹಾಗಿಲ್ಲ. ತಿದ್ದಬೇಕಾದರೆ ಕಮಿಟಿಯ ಮುಂದೆ ವಿಷಯ ಇಡಬೇಕು, ಸರ್ಕಾರದ ಪ್ರತಿನಿಧಿ ಇರಬೇಕು, ತಪ್ಪು ಯಾರದ್ದು ಎಂದು ನಡಾವಳಿಯಲ್ಲಿ ಬರೆಯಬೇಕು. ವಿಷಯ ಇಡಬೇಕಾದವರು ಕಾರ್ಯದರ್ಶಿ. ಅಕ್ಕ ಹೋದ ಮೇಲೆ ಎರಡು ಸಭೆ ನಡೆದವು. ಎರಡು ಸಲವೂ ಕಾರ್ಯಸೂಚಿಯ ಕೊನೆಯ ಸಾಲು ಟೈಪ್ ಮಾಡಿ ಅಳಿಸಿದೆ. ನನಗೆ ಮನೆ ಉಂಟು, ಮಗಳ ಶಾಲೆ ಉಂಟು, ಇಪ್ಪತ್ತು ವರ್ಷ ಕಟ್ಟಿದ ಹೆಸರು ಉಂಟು. ಆ ಹೆಸರನ್ನೇ ಅಲ್ಲವೇ ಅವರು ಬೆರಳಿಟ್ಟು ಓದಿದ್ದು.

ಈ ಸಲ ಅಳಿಸಲಿಲ್ಲ. ಮೂವತ್ತಾರು ಇಲಿಗಳ ಸಾವಿನ ಕಾರಣ, ತಪ್ಪು ಪತ್ರ ತೋರಿಸಿದವರ ಹೆಸರು, ಕೆಂಪು ಶಾಯಿಯ ಸಾಲನ್ನು ಹೊಡೆದುಹಾಕುವ ಕೋರಿಕೆ, ಮೂರನ್ನೂ ಬರೆದು ಸೋಮವಾರ ಎಲ್ಲ ಸದಸ್ಯರಿಗೂ ಕಳಿಸಿಯಾಗಿದೆ. ಸಭೆ ನಾಳೆ ಹನ್ನೊಂದಕ್ಕೆ. ನಾಲ್ಕು ದಿನದಿಂದ ಮಳೆ ಜೋರಿದೆ. ಶಿರಾಡಿಯಲ್ಲಿ ಒಂದು ಗುಡ್ಡ ಜರಿಯಲಿ ಎಂದು ಇವತ್ತು ಮಧ್ಯಾಹ್ನ ಒಮ್ಮೆ ಆಸೆಪಟ್ಟೆ, ಸುಳ್ಳು ಹೇಳುವುದಿಲ್ಲ. ಈಗಷ್ಟೇ ಪ್ರತಿನಿಧಿಯ ಫೋನ್ ಬಂತು, ಘಾಟಿ ಇಳಿದು ಉಪ್ಪಿನಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾರಂತೆ.